ಟ್ರ್ಯಾಕ್ಟರ್ ಅಂಗಡಿಯ ಮೇಡಂ

ಚನ್ನಗಿರಿಯ ಟ್ರ್ಯಾಕ್ಟರ್ ಅಂಗಡಿಗೆ ನಾನು ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಕತ್ತಲಗೆರೆಯಿಂದ ಬೆಳಗಿನ ಬಸ್ಸಿಗೆ ಬಂದು ಸರ್ವಿಸ್ ಕೌಂಟರಿನಲ್ಲಿ ಕೂರುತ್ತಿದ್ದೆ. ಫೋನ್ ಎತ್ತುವುದು, ಯಾವ ಊರಲ್ಲಿ ಯಾರ ಗಾಡಿ ಏನಾಗಿ ನಿಂತಿದೆ ಎಂದು ಕೇಳಿಕೊಳ್ಳುವುದು, ಮೆಕ್ಯಾನಿಕ್‌ಗಳನ್ನು ಕಳಿಸುವುದು ನನ್ನ ಕೆಲಸ. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲೂ ನಮ್ಮ ಬ್ರಾಂಚುಗಳಿದ್ದವು. ಎಲ್ಲ ಕಡೆಯ ಸಿಟ್ಟೂ ಮೊದಲು ಬಂದು ಬೀಳುತ್ತಿದ್ದದ್ದು ನನ್ನ ಕಿವಿಗೇ. ಕೆಸರು ಹೊಡೆಯುವ ದಿನಗಳಲ್ಲಿ ಗದ್ದೆಯ ನಡುವೆ ಟ್ರ್ಯಾಕ್ಟರ್ ನಿಂತುಬಿಟ್ಟರೆ ಎಂಥ ಸಂಕಟ ಎಂಬುದು ನನಗೆ ಗೊತ್ತಿತ್ತು. ನಮ್ಮಪ್ಪನೂ ಗದ್ದೆ ಮಾಡಿದವನೇ. ಹಾಗಾಗಿ ಬೈಸಿಕೊಳ್ಳುವುದು ನನಗೆ ಅಷ್ಟೇನೂ ಕಷ್ಟ ಅನ್ನಿಸುತ್ತಿರಲಿಲ್ಲ.

ಅಂಗಡಿಯ ಯಜಮಾನರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅಡಿಕೆ ವ್ಯಾಪಾರದಿಂದ ಬಂದವರು, ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಗಲ್ಲಾಕ್ಕೆ ಕೈಮುಗಿದು ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಆಯುಧಪೂಜೆಗೆ ಎಲ್ಲರಿಗೂ ಬಟ್ಟೆ ಕೊಡುತ್ತಿದ್ದರು. ಯಾರಿಗಾದರೂ ಜ್ವರ ಬಂದರೆ ತಮಗೆ ಪರಿಚಯದ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. "ಇಲ್ಲಿ ಆಳು-ಗೀಳು ಅಂತ ಯಾರೂ ಇಲ್ಲ, ನಾವೆಲ್ಲ ಒಂದೇ ಮನೆಯೋರು" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಆ ಮಾತನ್ನು ಅವರು ಮನಸ್ಸಿನಿಂದಲೇ ಹೇಳುತ್ತಿದ್ದರೆಂದು ಈಗಲೂ ನಂಬಿದ್ದೇನೆ.

ಆದರೆ ಒಂದೇ ಮನೆಯವರು ಎಂದಮೇಲೆ ಮನೆಯ ಕೆಲಸಗಳೂ ಬರುತ್ತವಲ್ಲ. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ನಮ್ಮ ಮೆಕ್ಯಾನಿಕ್‌ಗಳು ಕುರ್ಚಿ ಹೊತ್ತರು, ಪಂಕ್ತಿಯಲ್ಲಿ ಬಡಿಸಿದರು. ಭಾನುವಾರ ಯಾರಾದರೊಬ್ಬರು ಹೋಗಿ ಕಾರು ತೊಳೆಯಬೇಕು. ನೆಂಟರು ಬಂದರೆ ದಾವಣಗೆರೆಯ ರೈಲ್ವೆ ಸ್ಟೇಷನ್ನಿಗೆ ಬಿಟ್ಟುಬರಬೇಕು. ಸೂರಗೊಂಡನಕೊಪ್ಪದ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಅವರ ತಂಗಿಯ ಮದುವೆ ಮಾತುಕತೆಗೆ ಗಂಡಿನ ಕಡೆಯವರು ಮನೆಗೆ ಬಂದು ಕೂತಿದ್ದಾಗಲೇ, ನೆಂಟರನ್ನು ಸ್ಟೇಷನ್ನಿಗೆ ಬಿಡಬೇಕೆಂದು ಯಜಮಾನರ ಫೋನ್ ಬಂತು. ಅಣ್ಣ ಅರ್ಧದಲ್ಲೇ ಎದ್ದು ಬಂದರು. ಮರುದಿನ ಕೌಂಟರಿನ ಹತ್ತಿರ ನಿಂತು ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ, "ಮನೆ ಮಗ ಅಂತಾರೆ ಕಣಮ್ಮ. ಮಗನಿಗೆ ಬರಾಕಿಲ್ಲ ಅನ್ನಾಕಾದ್ರೂ ಆಗ್ತೈತೆ. ನಂಗೆ ಆಗಲ್ಲ" ಎಂದರು.

ಕೆಲಸ ಕಲಿತವರೆಲ್ಲ ಒಬ್ಬೊಬ್ಬರಾಗಿ ಶಿವಮೊಗ್ಗಕ್ಕೋ ದಾವಣಗೆರೆಗೋ ಹೊರಟುಹೋಗುತ್ತಿದ್ದರು. ಯಜಮಾನರಿಗೆ ಪ್ರತಿ ಸಲವೂ ನಿಜವಾಗಿಯೇ ದುಃಖವಾಗುತ್ತಿತ್ತು. "ಈಗಿನೋರಿಗೆ ನಿಯತ್ತು ಇಲ್ಲ" ಎಂದು ಒಂದೆರಡು ದಿನ ಯಾರೊಂದಿಗೂ ಮಾತಾಡದೆ ಕೂತುಬಿಡುತ್ತಿದ್ದರು. ಜಗಳೂರಿನ ಬ್ರಾಂಚಿನಿಂದ ಮಾತ್ರ ಯಾರೂ ಬಿಟ್ಟುಹೋಗುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಮಗಳು. ಮದುವೆಯಾಗಿ ಅಲ್ಲಿಗೆ ಹೋದವರು. "ಅದು ಬಯಲುಸೀಮೆ, ಸಣ್ಣ ಊರು. ಬಿಟ್ಟು ಎಲ್ಲಿಗೆ ಹೋಗ್ತಾರೆ?" ಎಂದು ಯಜಮಾನರು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಯಜಮಾನರಿಗೆ ಲಕ್ವ ಹೊಡೆಯಿತು. ಜೀವಕ್ಕೆ ತೊಂದರೆಯಾಗಲಿಲ್ಲ, ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಜಗಳೂರಿನಿಂದ ಮಗಳು ಬಂದು ಚನ್ನಗಿರಿಯಲ್ಲಿ ಕೂರಬೇಕಾಯಿತು. ವಾರವಿಡೀ ಇಲ್ಲಿ ಇರುವುದು, ಶನಿವಾರ ಸಂಜೆ ಗಂಡ-ಮಗಳ ಹತ್ತಿರ ಜಗಳೂರಿಗೆ ಹೋಗುವುದು ಎಂದು ಮಾಡಿಕೊಂಡರು. ನಾವು ಅವರನ್ನು ಮೇಡಂ ಎಂದೆವು.

ಮೇಡಂ ಮೊದಲ ದಿನ ಅಪ್ಪನ ಕುರ್ಚಿಯಲ್ಲಿ ಕೂರಲಿಲ್ಲ. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ನೀವು ಮಾತಾಡ್ರಿ, ನಾನು ಸುಮ್ನೆ ಕೇಳ್ತೀನಿ" ಎಂದರು. ನನ್ನ ತಪ್ಪು ಹುಡುಕಲಿಕ್ಕೆ ಕೂತಿದ್ದಾರೆ ಎಂದೇ ತಿಳಿದೆ. ಒಂದು ವಾರ ಹಾಗೆಯೇ ಕೂತರು. ನಡುವೆ ಒಂದು ಸಲ ಮೆಲ್ಲಗೆ, "ಇಲ್ಲಿ ನೀವು ಬಾತ್‌ರೂಮಿಗೆ ಎಲ್ಲಿ ಹೋಗ್ತೀರಿ?" ಎಂದು ಕೇಳಿದರು. ಹಿಂದಿನ ಬೀದಿಯ ಹಿಟ್ಟಿನ ಗಿರಣಿಯವರ ಮನೆಗೆ ಹೋಗುತ್ತೇನೆ ಎಂದೆ. ಅವರು ಊರಿಗೆ ಹೋಗಿ ಬೀಗ ಹಾಕಿದ್ದ ದಿನ ನೀರೇ ಕುಡಿಯುವುದಿಲ್ಲ ಎಂಬುದನ್ನು ಹೇಳಬಾರದೆಂದಿದ್ದೆ, ಬಾಯಿಂದ ಬಂದುಬಿಟ್ಟಿತು. ಮುಂದಿನ ವಾರವೇ ವರ್ಕ್‌ಶಾಪಿನ ಹಿಂದೆ ಇಟ್ಟಿಗೆ, ಮರಳು ಬಂದು ಬಿದ್ದವು. ಮೇಸ್ತ್ರಿ ಬಾಗಿಲು ಕೂರಿಸಿದ ದಿನ ಮೇಡಂ ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ನನಗೆ ಅಳು ಬಂತು. ಬಾತ್‌ರೂಮಿಗೆ ಯಾರಾದರೂ ಅಳುತ್ತಾರೆಯೇ ಎಂದು ನಗುವೂ ಬಂತು.

ಆ ತಿಂಗಳ ಕೊನೆಯಲ್ಲಿ ಎಲ್ಲ ಬ್ರಾಂಚಿನವರನ್ನೂ ಕರೆಸಿದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಭಾಷಣ ಇರುತ್ತದೆ ಅಂದುಕೊಂಡಿದ್ದೆವು. ಮೇಡಂ ನಿಂತುಕೊಂಡೇ ಮಾತಾಡಿದರು.

"ಅಪ್ಪಾಜಿ ಇದನ್ನ ಮನೆ ಅಂತಿದ್ರು. ಅವ್ರ ಪ್ರೀತಿ ಅದು. ನಂಗೆ ಹಂಗೆ ಅನ್ನಾಕೆ ಬರಲ್ಲ. ಇದು ಅಂಗಡಿ. ನಿಮ್ಗೆಲ್ಲ ನಿಮ್ ನಿಮ್ ಮನೆ ಐತೆ. ಕೆಲ್ಸದ ಹೊತ್ನಾಗೆ ಕೆಲ್ಸ ಸರಿಯಾಗಿ ಮಾಡ್ರಿ. ಆರಕ್ಕೆ ಹೊರಡ್ರಿ. ಭಾನುವಾರ ನಿಮ್ದು. ಸೀಸನ್ನಾಗೆ ಭಾನುವಾರ ಬೇಕಾದ್ರೆ ಮೊದ್ಲೇ ಕೇಳ್ತೀನಿ, ಬಂದೋರಿಗೆ ಬೇರೆ ದಿನ ರಜಾ. ನಮ್ಮನೆ ಕಾರು ನಾವು ತೊಳ್ಕಂತೀವಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಿಜ ಹೇಳಬೇಕೆಂದರೆ ಕೆಲವರಿಗೆ ಬೇಜಾರೇ ಆಯಿತು. ಇಷ್ಟು ದಿನ ಮನೆ ಮಕ್ಕಳು ಅನ್ನಿಸಿಕೊಂಡಿದ್ದವರನ್ನು ಒಂದೇ ಮಾತಿಗೆ ಹೊರಗೆ ನಿಲ್ಲಿಸಿದ ಹಾಗೆ. ಅಣ್ಣ ಮಾತ್ರ ಬಜ್ಜಿ ತಿನ್ನುತ್ತ, "ನೋಡಾನ" ಎಂದರು.

ನೋಡುವಂಥ ದಿನ ಬೇಗನೆ ಬಂತು. ಸವಳಂಗದ ಆಚೆ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ಗಿರಾಕಿಯೊಬ್ಬರಿದ್ದರು. ಆ ಸೀಮೆಗೆಲ್ಲ ದೊಡ್ಡ ಕುಳ. ಅವರು ಹೇಳಿದರೆ ಸುತ್ತಲಿನವರೂ ನಮ್ಮಲ್ಲೇ ಟ್ರ್ಯಾಕ್ಟರ್ ಕೊಳ್ಳುತ್ತಿದ್ದರು. ಮೆಕ್ಕೆಜೋಳ ಬಿತ್ತನೆಯ ಹದ ಬಂದಿದ್ದಾಗ ಅವರ ಗಾಡಿಯ ಗೇರ್ ಬಾಕ್ಸ್ ಕೈಕೊಟ್ಟಿತು. ಅಣ್ಣ ಹೋಗಿ ಬಿಚ್ಚಿ ನೋಡಿದರೆ ಒಳಗಿನ ಹಲ್ಲುಗಳೇ ಮುರಿದಿದ್ದವು. ಸಾಮಾನು ಬರುವವರೆಗೆ ಕಾಯಲೇಬೇಕು. ಮಧ್ಯಾಹ್ನ ನನಗೆ ಫೋನ್ ಬಂತು. ಅಣ್ಣನ ಧ್ವನಿ ಯಾರದೋ ಧ್ವನಿಯಂತಿತ್ತು. "ಗಾಡಿ ರೆಡಿ ಆಗೋವರ್ಗೂ ಎದ್ದೋಗಂಗಿಲ್ಲ ಅಂತ ಕೂರಿಸ್ಯಾರೆ ಕಣಮ್ಮ. ಬೈಕಿನ ಕೀ ಕಿತ್ಕಂಡಾರೆ." ಆಮೇಲೆ ಮೆಲ್ಲಗೆ, "ಕೊಳ್ಪಟ್ಟಿ ಹಿಡಿದ್ರು. ಜನ ನೋಡ್ತಿದ್ರು" ಎಂದರು.

ನಾನು ಓಡಿಹೋಗಿ ಮೇಡಂಗೆ ಹೇಳಿದೆ. ಅವರು ಊಟಕ್ಕೆ ಕೂತಿದ್ದವರು ಡಬ್ಬಿ ಮುಚ್ಚಿದರು. "ಬರ್ರಿ" ಎಂದು ನನ್ನನ್ನೂ ಕರೆದುಕೊಂಡು ಕಾರು ಹತ್ತಿದರು.

ಆ ಮನೆಯ ಅಂಗಳದಲ್ಲಿ ಬಿಚ್ಚಿದ ಟ್ರ್ಯಾಕ್ಟರ್ ಪಕ್ಕ, ಬಿಸಿಲಿನಲ್ಲಿ, ಅಣ್ಣ ನೆಲದ ಮೇಲೆ ಕೂತಿದ್ದರು. ಗಿರಾಕಿ ಜಗಲಿಯಿಂದ ಎದ್ದು ನಕ್ಕರು. "ಬಾರಮ್ಮ, ನೀನೇ ಬಂದ್ಯಲ್ಲ. ಒಳಗೆ ಬಾ, ಕಾಫಿ ಕುಡಿ. ನಿಮ್ಮಪ್ಪನೂ ನಾನೂ ಅಣ್ತಮ್ಮಂದಿರಿದ್ದಂಗೆ."

ಮೇಡಂ ಜಗಲಿ ಹತ್ತಲಿಲ್ಲ. "ಸಾಮಾನು ಬರಾಕೆ ಎಲ್ಡ್ ದಿನ ಬೇಕು ಕಾಕಾ. ಅಲ್ಲಿಗಂಟ ನಮ್ ಡೆಮೊ ಗಾಡಿ ಕಳಿಸ್ತೀನಿ, ಬಿತ್ತನೆ ನಿಲ್ಲಬಾರ್ದು. ಅದು ನನ್ನ ಜವಾಬ್ದಾರಿ. ಆದ್ರೆ ನೀವು ಇವ್ರ ಕೊಳ್ಪಟ್ಟಿ ಹಿಡಿದ್ರಂತೆ. ಅದ್ಕೆ ಇವ್ರ ಹತ್ರ ಒಂದ್ ಮಾತು ತಪ್ಪಾತು ಅನ್ರಿ."

ಅಂಗಳದಲ್ಲಿ ನಿಂತಿದ್ದವರೆಲ್ಲ ಜಗಲಿಯ ಕಡೆ ತಿರುಗಿದರು. ಗಿರಾಕಿಯ ಮುಖ ಬದಲಾಯಿತು. "ಮೆಕ್ಯಾನಿಕ್‌ಗೆ ನಾನು ತಪ್ಪಾತು ಅನ್ಬೇಕಾ? ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತೈತಾ?"

"ಗೊತ್ತೈತೆ ಕಾಕಾ. ಅದಕ್ಕೇ ಕೇಳ್ತಿದ್ದೀನಿ."

ಅವರು ತಪ್ಪಾಯಿತು ಎನ್ನಲಿಲ್ಲ. ಮೇಡಂ ಕೈ ಚಾಚಿ ಬೈಕಿನ ಕೀ ಕೇಳಿದರು. ಯಾರೋ ತಂದುಕೊಟ್ಟರು. ಅಣ್ಣನ ಹತ್ತಿರ ಹೋಗಿ, "ಏಳ್ರಿ, ಹೋಗಾನ" ಎಂದರು. ಅಣ್ಣ ಸಾಮಾನು ಜೋಡಿಸಿಕೊಳ್ಳತೊಡಗಿದರು. ಮೇಡಂ ಕೂತು ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕಿದರು. ಸವಳಂಗದ ಹೋಟೆಲಿನಲ್ಲಿ ಗಾಡಿ ನಿಲ್ಲಿಸಿ ಮೂವರೂ ಊಟ ಮಾಡಿದೆವು. ಅಣ್ಣ ತಟ್ಟೆ ನೋಡುತ್ತಲೇ, "ದೊಡ್ಡ ಗಿರಾಕಿ ಮೇಡಂ. ನನ್ನ ಸಲುವಾಗಿ ಹಿಂಗ್ ಮಾಡಬಾರ್ದಿತ್ತು" ಎಂದರು. "ಊಟ ಮಾಡ್ರಿ" ಎಂದರು ಮೇಡಂ.

ಡೆಮೊ ಗಾಡಿಯನ್ನು ಹೇಳಿದಂತೆಯೇ ಅವತ್ತೇ ಸಂಜೆ ಕಳಿಸಿದರು. ಗೇರ್ ಬಾಕ್ಸನ್ನೂ ನ್ಯಾಮತಿ ಬ್ರಾಂಚಿನವರು ಹೋಗಿ ಸರಿಮಾಡಿಕೊಟ್ಟರು. ಆದರೂ ಆ ಗಿರಾಕಿ ಮತ್ತೆ ನಮ್ಮ ಕಡೆ ಬರಲಿಲ್ಲ. ಮುಂದಿನ ವರ್ಷ ಬೇರೆ ಕಂಪನಿಯ ಟ್ರ್ಯಾಕ್ಟರ್ ತಂದರು, ಅವರ ಮಾತು ಕೇಳುವ ಒಂದಷ್ಟು ಜನವೂ ಅತ್ತ ಹೋದರು. ಸವಳಂಗದ ಸುದ್ದಿ ಕೇಳಿದ ರಾತ್ರಿಯೇ ಯಜಮಾನರು ಮಂಚದ ಮೇಲಿಂದ ಮಗಳ ಮೇಲೆ ರೇಗಾಡಿದ್ದರಂತೆ. ಮೇಡಂ ಮರುದಿನ ಬಂದಾಗ ಕಣ್ಣು ಊದಿದ್ದವು.

ಮೇಡಂ ಮಾಡಿದ್ದೆಲ್ಲ ಸರಿ ಎಂದು ಹೇಳಲಾರೆ. ಸವಳಂಗದ್ದು ಆದ ಮೇಲೆ ಮೆಕ್ಯಾನಿಕ್‌ಗಳ ಸುರಕ್ಷತೆಗೆ ಎಂದು ಅವರ ಮೊಬೈಲುಗಳಿಗೆ ಒಂದು ಆ್ಯಪ್ ಹಾಕಿಸಿದರು. ಯಾರು ಎಲ್ಲಿದ್ದಾರೆಂದು ಆಫೀಸಿನ ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕೆಯಾಗಿ ಕಾಣುತ್ತಿತ್ತು. ಸುರಕ್ಷತೆಗೆ ಅಂತಲೇ ಶುರುವಾದದ್ದು ಕೆಲವೇ ದಿನಗಳಲ್ಲಿ ಬೇರೆಯೇ ಆಯಿತು. ಚುಕ್ಕೆ ಒಂದೇ ಕಡೆ ನಿಂತಿದ್ದರೆ ಮೇಡಂ ಫೋನ್ ಮಾಡಿ ಏನಾಯಿತು ಎನ್ನುವರು. ಕಾಳಜಿಯೇ, ಆದರೆ ಆ ಕಡೆಯವರಿಗೆ ಹಾಗೆ ಕೇಳಿಸುತ್ತಿರಲಿಲ್ಲ. ಹುಡುಗರು ನನ್ನ ಹತ್ತಿರ ಗೊಣಗುತ್ತಿದ್ದರು. ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ನನಗೂ.

ಕಡೆಗೆ ತಿಂಗಳ ಮೀಟಿಂಗಿನಲ್ಲಿ ಅಣ್ಣ ಎದ್ದುನಿಂತರು. "ಮೇಡಂ, ಒಂದ್ ಮಾತು. ಗಾಡಿ ರಿಪೇರಿ ಆದ್ಮೇಲೆ ರೈತ್ರು ಉಂಡು ಹೋಗ್ರಿ ಅಂತಾರೆ. ಬ್ಯಾಡ ಅನ್ನಾಕಾಗಲ್ಲ. ಮೊದ್ಲು ಕೂತು ಉಂತಿದ್ವಿ, ಹೊಲದ ಮಾತು ಆಡ್ತಿದ್ವಿ. ಈಗ ಒಂದ್ ಕಣ್ಣು ಮೊಬೈಲ್ ಮ್ಯಾಲೆ. ನೀವು ನಮ್ಮನ್ನ ನಂಬ್ತೀರ ಅಂದ್ಕಂಡಿದ್ವಿ."

ಕೊನೆಯ ಮಾತು ಜೋರಾಗೇ ಬಂತು. ಇನ್ನು ಅಣ್ಣನ ಕತೆ ಮುಗಿಯಿತು ಅಂದುಕೊಂಡೆ ನಾನು. ಮೇಡಂ ಮುಖ ಕೆಂಪಾಗಿತ್ತು. "ನಿಮ್ ಒಳ್ಳೇದಕ್ಕೇ ಮಾಡಿದ್ದು" ಎಂದರು. ಅಣ್ಣ, "ಗೊತ್ತೈತೆ ಮೇಡಂ" ಎಂದು ಕೂತರು. ಮೀಟಿಂಗ್ ಹಾಗೆಯೇ ಮುಗಿಯಿತು. ಎರಡು ದಿನ ಮೇಡಂ ಬಿಗುವಾಗಿಯೇ ಇದ್ದರು. ಮೂರನೆಯ ದಿನ ಎಲ್ಲರನ್ನೂ ವರ್ಕ್‌ಶಾಪಿನಲ್ಲೇ ನಿಲ್ಲಿಸಿಕೊಂಡು, "ಆ ಆ್ಯಪ್ ತೆಗೆದುಹಾಕ್ರಿ. ಅದು ನಿಮ್ಗೆ ಹಂಗೆ ಕಾಣ್ತೈತೆ ಅಂತ ನಂಗೆ ಹೊಳೀಲಿಲ್ಲ. ಎಲ್ಲಾದ್ರೂ ತೊಂದ್ರೆ ಆದ್ರೆ ನೀವೇ ಫೋನ್ ಮಾಡ್ರಿ, ಯಾವ್ ಹೊತ್ನಾಗಾದ್ರೂ ಸರಿ" ಎಂದರು. ಸವಳಂಗದ ದಿನಕ್ಕಿಂತ ಇದೇ ನನಗೆ ದೊಡ್ಡದು ಅನ್ನಿಸುತ್ತದೆ. ಹೊರಗಿನವರ ಎದುರು ನಮ್ಮವರ ಪರ ನಿಲ್ಲುವುದಕ್ಕೆ ಸಿಟ್ಟಾದರೂ ಸಹಾಯಕ್ಕೆ ಬರುತ್ತದೆ. ಕೈಕೆಳಗಿನವರ ಎದುರು ತಾನು ಮಾಡಿದ್ದನ್ನು ತಾನೇ ವಾಪಸ್ ತೆಗೆದುಕೊಳ್ಳುವವರಿಗೆ ಯಾವುದೂ ಸಹಾಯಕ್ಕೆ ಬರುವುದಿಲ್ಲ.

ಆ ಹೊತ್ತಿಗೆ ಹೊನ್ನಾಳಿಯಲ್ಲಿ ಇನ್ನೊಂದು ಕಂಪನಿಯ ದೊಡ್ಡ ಶೋರೂಂ ತೆರೆಯಿತು. ಗಾಜಿನ ಗೋಡೆ, ಏಸಿ, ಮೆಕ್ಯಾನಿಕ್‌ಗಳಿಗೂ ಇಸ್ತ್ರಿ ಮಾಡಿದ ಸಮವಸ್ತ್ರ. ನಮ್ಮವರಿಗೆ ಒಬ್ಬೊಬ್ಬರಿಗೇ, ಹೆಚ್ಚು ಸಂಬಳ ಕೊಡುತ್ತೇವೆ ಎಂದು ಫೋನ್ ಬರತೊಡಗಿತು. ಜಗಳೂರಿನ ಒಬ್ಬ ಹುಡುಗ ಹೋದ. ಅವನಿಗೆ ಮನೆ ಕಟ್ಟುವುದಿತ್ತು. ಮೇಡಂ ಅವನಿಗೆ ಊಟ ಹಾಕಿಸಿ, ಚೆನ್ನಾಗಿ ಕೆಲಸ ಮಾಡುತ್ತಿದ್ದ ಎಂದು ಬರೆದುಕೊಟ್ಟು ಕಳಿಸಿದರು. ಅವನು ಅಲ್ಲೇ ಇದ್ದಾನೆ, ಚೆನ್ನಾಗಿದ್ದಾನೆ.

ನನಗೂ ಕರೆ ಬಂತು. ಕೌಂಟರಿನ ಮುಖ್ಯಸ್ಥೆಯನ್ನಾಗಿ ಮಾಡುತ್ತೇವೆ ಎಂದರು. ಒಂದು ಶನಿವಾರ ರಜೆ ಹಾಕಿ ಹೋಗಿ ಬಂದೆ. ಅಲ್ಲಿನ ಮ್ಯಾನೇಜರು ಒಳ್ಳೆಯ ಮಾತಿನವರು, ಏನು ಬೇಕಾದರೂ ಕೇಳಿ ಎಂದರು. ಮೆಕ್ಯಾನಿಕ್ ಮೇಲೆ ಗಿರಾಕಿ ಕೈಮಾಡಿದರೆ ನೀವೇನು ಮಾಡುತ್ತೀರಿ ಎಂದು ಕೇಳಿದೆ. ಅವರು ನಕ್ಕು, "ಗಿರಾಕಿನ ಸಮಾಧಾನ ಮಾಡ್ತೀವಿ. ವ್ಯಾಪಾರ ಅಲ್ವೇನ್ರಿ" ಎಂದರು. ಅದರಲ್ಲೇನೂ ತಪ್ಪಿಲ್ಲ, ಎಲ್ಲರೂ ಹೇಳುವುದು ಅದನ್ನೇ. ಬಸ್ಸಿನಲ್ಲಿ ವಾಪಸ್ ಬರುವಾಗ, ಅಲ್ಲಿಗೆ ಸೇರುವುದಿಲ್ಲ ಎಂಬುದು ಖಚಿತವಾಗಿ ನನ್ನ ಮನಸ್ಸು ಹಗುರವಾಗಿತ್ತು.

ಹೀಗೆ ಹೋಗಿ ನೋಡಿ ಬಂದೆ ಎಂದು ಸೋಮವಾರ ನಾನೇ ಮೇಡಂಗೆ ಹೇಳಿದೆ. "ಹೋಗಿ ನೋಡಿದ್ದು ಒಳ್ಳೇದಾತು. ಅವ್ರಷ್ಟು ಸಂಬಳ ಈಗ ಕೊಡಾಕೆ ನನ್ನ ಕೈಲಿ ಆಗಲ್ಲ. ಅದನ್ನ ಮೊದ್ಲೇ ಹೇಳ್ತೀನಿ" ಎಂದರು. ಇರಿ ಎಂದು ಒಂದು ಮಾತೂ ಹೇಳಲಿಲ್ಲ. ನಾನು ಏಳುವಾಗ, "ಇದ್ರೆ ನಂಗೆ ಖುಷಿ" ಎಂದರು.

ಹೊನ್ನಾಳಿಯ ನಮ್ಮ ಗೋಡೌನ್ ಹೊಳೆಯ ಕಡೆಗಿನ ತಗ್ಗಿನಲ್ಲಿತ್ತು. ಒಂದು ಮಳೆಗಾಲ, ಅದೂ ಭಾನುವಾರ ಬೆಳಿಗ್ಗೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟು ತುಂಗಭದ್ರೆ ಏರತೊಡಗಿದಳು. ಮೇಡಂ ಜಗಳೂರಿನಲ್ಲಿದ್ದರು. ಹೊನ್ನಾಳಿ ಬ್ರಾಂಚಿನವರು ನನಗೆ ಫೋನ್ ಮಾಡಿದರು. ನಾನು ಅಣ್ಣನಿಗೆ ಮಾಡಿದೆ. ಆಮೇಲೆ ಯಾರು ಯಾರಿಗೆ ಮಾಡಿದರೋ ನನಗೆ ಗೊತ್ತಿಲ್ಲ. ನಾನು ಹೊನ್ನಾಳಿಗೆ ಹೋಗಿ ಇಳಿಯುವ ಹೊತ್ತಿಗೆ ನ್ಯಾಮತಿಯವರು ಬಂದಿದ್ದರು, ಚನ್ನಗಿರಿಯವರು ಒಂದು ಟ್ರ್ಯಾಕ್ಟರಿನಲ್ಲಿ ಟ್ರೈಲರ್ ಕಟ್ಟಿಕೊಂಡು ಬಂದಿದ್ದರು. ಕೆಲಸ ಬಿಟ್ಟುಹೋದ ಜಗಳೂರಿನ ಹುಡುಗನೂ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಮೊಣಕಾಲಿನವರೆಗೆ ಕೆಸರು ನೀರು. ಸಾಲಾಗಿ ನಿಂತು ಒಬ್ಬರ ಕೈಯಿಂದ ಒಬ್ಬರ ಕೈಗೆ ಪೆಟ್ಟಿಗೆ ದಾಟಿಸಿದೆವು. ಬೇರಿಂಗು, ಫಿಲ್ಟರು, ಕ್ಲಚ್ ಪ್ಲೇಟು, ಎಲ್ಲ ಟ್ರೈಲರಿಗೆ. ಯಾರೋ ಹಾಡು ಹೇಳಿದರು, ಯಾರೋ ಜಾರಿಬಿದ್ದು ಎಲ್ಲರೂ ನಕ್ಕೆವು.

ಮೇಡಂ ಬರುವಾಗ ಮಧ್ಯಾಹ್ನ ದಾಟಿತ್ತು. ಗೋಡೌನ್ ಹೆಚ್ಚುಕಡಿಮೆ ಖಾಲಿಯಾಗಿತ್ತು. ನಮ್ಮನ್ನೆಲ್ಲ ನೋಡಿ ಅವರಿಗೆ ಮೊದಲು ಬಂದದ್ದು ಸಿಟ್ಟು. "ಭಾನುವಾರ ಯಾರ್ ಬರಾಕೆ ಹೇಳಿದ್ರು ನಿಮ್ಗೆ? ನೀರಾಗೆ ಯಾರ್ಗಾದ್ರೂ ಏನಾದ್ರೂ ಆಗಿದ್ರೆ?" ಅಣ್ಣ, "ಉಳಿದಿರಾದು ಸ್ವಲ್ಪ ಐತೆ ಮೇಡಂ, ಸರೀರಿ" ಎಂದು ಪಕ್ಕದಿಂದ ಪೆಟ್ಟಿಗೆ ಹೊತ್ತು ಹೋದರು. ಮೇಡಂ ಸೀರೆ ಎತ್ತಿಕಟ್ಟಿ ನಮ್ಮ ಸಾಲಿನಲ್ಲಿ ನಿಂತರು.

ಕೆಲವು ದಿನಗಳ ಮೇಲೆ ಯಜಮಾನರನ್ನು ಅಂಗಡಿಗೆ ಕರೆತಂದಿದ್ದರು. ಈಗ ಕೋಲು ಹಿಡಿದು ಓಡಾಡುತ್ತಾರೆ. ನನ್ನ ಕೌಂಟರಿನ ಹತ್ತಿರ ಕೂತು ಕೋಲನ್ನು ಮೇಜಿಗೆ ಒರಗಿಸಿದರು. ಆಮೇಲೆ, "ಹಿಂದೊಂದ್ ಸಲ ಹಿಂಗೇ ನೀರು ಬಂದಿತ್ತಮ್ಮ. ನಾನು ಎಲ್ರಿಗೂ ಫೋನ್ ಮಾಡಿಸ್ದೆ. ಒಬ್ಬರಿಗೆ ಹುಷಾರಿಲ್ಲ, ಒಬ್ರು ಊರಾಗಿಲ್ಲ. ಮಕ್ಳಂಗೆ ನೋಡ್ಕಂಡಿದ್ದೆ. ಇವ್ಳು ಅಂಥಾದ್ದೇನು ಕೊಟ್ಳು?" ಎಂದು ಕೇಳಿದರು. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ.

"ಭಾನುವಾರ ನಮ್ಗೆ ಬಿಟ್ಟಿದ್ರು ಯಜಮಾನ್ರೆ. ನಮ್ದು ಅಂತ ಇದ್ದಿದ್ಕೆ ಕೊಡಾಕಾತು" ಎಂದೆ. ಅವರು ತಲೆಯಾಡಿಸಿದರು. ಒಪ್ಪಿದರೋ, ಸುಮ್ಮನೆ ಆಡಿಸಿದರೋ ಗೊತ್ತಾಗಲಿಲ್ಲ. ಅಣ್ಣ ಅತ್ತ ಹಾದುಹೋಗುವಾಗ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ತಂಗಿ ಮಕ್ಕಳೆಷ್ಟು, ಏನು ಓದುತ್ತಾರೆ ಎಂದೆಲ್ಲ ಕೇಳಿದರು. ಅಣ್ಣನೂ ನಿಧಾನವಾಗಿ ಎಲ್ಲ ಹೇಳಿದರು. ಇಬ್ಬರೂ ಒಟ್ಟಿಗೆ ಚಹಾ ಕುಡಿದರು.

ಈಗ ನ್ಯಾಮತಿಯ ಬ್ರಾಂಚನ್ನು ನಾನು ನೋಡಿಕೊಳ್ಳುತ್ತೇನೆ. ಯಜಮಾನಿಕೆ ಸುಲಭದ್ದಲ್ಲ ಎಂಬುದು ಇಲ್ಲಿ ಕೂತ ಮೇಲೆ ತಿಳಿಯಿತು. ಹೋದ ತಿಂಗಳು ನಮ್ಮ ಮೆಕ್ಯಾನಿಕ್ ಒಬ್ಬ ಒಂದೇ ಗಾಡಿಗೆ ಮೂರು ಸಲ ಹೋಗಿ ಬಂದರೂ ಅದು ಸರಿಯಾಗಲಿಲ್ಲ. ನನಗೆ ರೇಗಿ ಎಲ್ಲರೆದುರು ಏನೋ ಅಂದುಬಿಟ್ಟೆ. ಸಂಜೆ ಅವನು ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟಾಗ ಬಾಗಿಲ ಹತ್ತಿರ ನಿಲ್ಲಿಸಿ, "ಅಷ್ಟ್ ಮಂದಿ ಮುಂದೆ ಹಂಗ್ ಅನ್ಬಾರ್ದಿತ್ತು ಕಣಪ್ಪ" ಎಂದೆ. ಅವನು ನೆಲ ನೋಡುತ್ತ, "ಆ ಗಾಡಿ ಪಂಪು ನಂಗೆ ಸರಿಯಾಗಿ ಬರಲ್ಲ ಮೇಡಂ. ಹೇಳಾಕೆ ನಾಚಿಕೆ ಆಗಿತ್ತು" ಎಂದ. ಮರುದಿನ ಅವನನ್ನು ಚನ್ನಗಿರಿಗೆ, ಅಣ್ಣನ ಹತ್ತಿರ ಒಂದು ವಾರ ಕಲಿತು ಬಾ ಎಂದು ಕಳಿಸಿದೆ. ಇವತ್ತು ಬೆಳಿಗ್ಗೆ ಅಂಥದೇ ಪಂಪಿನ ಗಾಡಿಯೊಂದಕ್ಕೆ ಹೋಗಿದ್ದಾನೆ. ಆಗಲಿಲ್ಲ ಎಂದು ಇನ್ನೂ ಫೋನ್ ಬಂದಿಲ್ಲ, ನಾನೂ ಮಾಡಿ ಕೇಳಿಲ್ಲ.